ವೂರಾಲಿಯಾ ಎಂಬ ಕತ್ತೆ ಮತ್ತು ಬಾಣದ ವಿಷದ ಚರಿತ್ರೆ

ಈ ಬಾರಿ ಒಂದು ಕತ್ತೆಯ ವೃತ್ತಾಂತದಿಂದ ಆರಂಭಿಸುತ್ತೇನೆ. ತರಗತಿಯಲ್ಲಿ ಯಾರನ್ನೂ ಆ ಹೆಸರಿನಿಂದ ಬೈಯಬಾರದೆಂದು ನಾನು ನಿಯಮವಿಟ್ಟುಕೊಂಡಿದ್ದುದು ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. ಆ ಪ್ರಾಣಿಯ ಬಗ್ಗೆ ನನ್ನಲ್ಲಿದ್ದ ಗೌರವಕ್ಕೆ ಈ ವೃತ್ತಾಂತವೂ ಒಂದು ಕಾರಣ.

1814ರಲ್ಲಿ ಲಂಡನ್ನಿನಲ್ಲಿ ಮೂರು ಕತ್ತೆಗಳ ಮೇಲೆ ಒಂದು ವಿಷದ ಪರೀಕ್ಷೆ ನಡೆಯಿತು. ವಿಷವನ್ನು ತಂದವನು ಚಾರ್ಲ್ಸ್ ವಾಟರ್ಟನ್ ಎಂಬ ವಿಚಿತ್ರ ಸ್ವಭಾವದ ಆಂಗ್ಲ ಜಮೀನುದಾರ. 1812ರಲ್ಲಿ ದಕ್ಷಿಣ ಅಮೆರಿಕದ ಗಯಾನಾ ಕಾಡುಗಳನ್ನು ಕಾಲ್ನಡಿಗೆಯಲ್ಲೂ ದೋಣಿಯಲ್ಲೂ ಸುತ್ತಿ, ಅಲ್ಲಿನ ಮೂಲನಿವಾಸಿಗಳಿಂದ ಅದನ್ನು ಸಂಪಾದಿಸಿದ್ದನು. ಅವರು ಅದನ್ನು ‘ವೂರಾಲಿ’ ಎನ್ನುತ್ತಿದ್ದರು. ಇಂದು ವೈದ್ಯರು ಕ್ಯುರಾರೆ ಎಂದು ಕರೆಯುವುದು ಈ ಬಗೆಯ ವಿಷಗಳನ್ನೇ. ಲಂಡನ್ನಿನಲ್ಲಿ ಅವನೊಡನಿದ್ದವರು ಬೆಂಜಮಿನ್ ಬ್ರೋಡಿ ಎಂಬ ಶಸ್ತ್ರವೈದ್ಯ ಮತ್ತು ಪಶುವೈದ್ಯ ಕಾಲೇಜಿನ ಸ್ಯೂಯೆಲ್. ಮೊದಲನೆಯ ಕತ್ತೆಯ ಭುಜದಲ್ಲಿ ಗಾಯಮಾಡಿ ವಿಷ ಸೇರಿಸಿದರು. ಹನ್ನೆರಡು ನಿಮಿಷಗಳಲ್ಲಿ ಅದು ಸತ್ತಿತು. ಎರಡನೆಯದರ ಕಾಲಿಗೆ ಬಿಗಿಯಾಗಿ ಪಟ್ಟಿ ಕಟ್ಟಿ, ಪಟ್ಟಿಯ ಕೆಳಗಡೆ ವಿಷವನ್ನಿಟ್ಟರು. ಅದು ಏನೂ ಆಗದಂತೆ ಓಡಾಡಿತು, ಮೇವನ್ನೂ ತಿಂದಿತು. ಒಂದು ಗಂಟೆಯ ನಂತರ ಪಟ್ಟಿಯನ್ನು ಬಿಚ್ಚಿದರು. ಹತ್ತು ನಿಮಿಷಗಳಲ್ಲಿ ಅದೂ ಸತ್ತಿತು. ವಿಷವು ರಕ್ತದ ಮೂಲಕವೇ ಹರಡುತ್ತದೆ ಎಂಬುದು ಇಷ್ಟರಲ್ಲೇ ಸಿದ್ಧವಾಯಿತು.

ಮೂರನೆಯದು ಹೆಣ್ಣುಕತ್ತೆ. ಅದೂ ಹತ್ತು ನಿಮಿಷಗಳಲ್ಲಿ ಸತ್ತಂತೆ ಬಿದ್ದಿತು. ಆಗ ಅವರು ಅದರ ಶ್ವಾಸನಾಳವನ್ನು ಸೀಳಿ, ಕಮ್ಮಾರನ ಕುಲುಮೆಗೆ ಗಾಳಿ ಊದುವಂಥ ತಿದಿಯಿಂದ ಎರಡು ಗಂಟೆಗಳ ಕಾಲ ಅದರ ಶ್ವಾಸಕೋಶಗಳಿಗೆ ಗಾಳಿಯೂದಿದರು. ಕತ್ತೆ ತಲೆಯೆತ್ತಿ ಸುತ್ತಲೂ ನೋಡಿತು. ಬದುಕಿತೆಂದು ತಿದಿಯನ್ನು ನಿಲ್ಲಿಸಿದಾಗ ಮತ್ತೆ ಕುಸಿಯಿತು. ಪುನಃ ಎರಡು ಗಂಟೆ ಬಿಡದೆ ಗಾಳಿಯೂದಿದ ಮೇಲೆ ಎದ್ದು ನಡೆಯಿತು. ಸುಮಾರು ಒಂದು ವರ್ಷ ಸೊರಗಿದ್ದು ಆಮೇಲೆ ಮೈತುಂಬಿಕೊಂಡಿತು. ವೂರಾಲಿಯಾ ಎಂಬ ಹೆಸರು ಪಡೆದು, ವಾಟರ್ಟನ್ನನ ವಾಲ್ಟನ್ ಹಾಲ್ ಎಂಬ ಎಸ್ಟೇಟಿನ ಹುಲ್ಲುಗಾವಲಿನಲ್ಲಿ ಯಾವ ಕೆಲಸವೂ ಇಲ್ಲದೆ ಇಪ್ಪತ್ತೈದು ವರ್ಷ ಬದುಕಿ 1839ರಲ್ಲಿ ತೀರಿಕೊಂಡಿತು.

ಈ ವಿಷವು ಪ್ರಾಣಿಯನ್ನು ಬಹಳ ಮೃದುವಾಗಿ, ನೋವಿಲ್ಲದೆ ಕೊಲ್ಲುವಂತೆ ತೋರುತ್ತದೆಂದು ವಾಟರ್ಟನ್ ತನ್ನ ಪ್ರವಾಸಕಥನದಲ್ಲಿ ಬರೆದನು. ಪ್ರಾಣಿ ಒದ್ದಾಡುವುದಿಲ್ಲ, ಕಿರುಚುವುದಿಲ್ಲ, ಮುಖ ಸೊಟ್ಟಗಾಗುವುದಿಲ್ಲ. ನಿದ್ರೆಗೆ ಜಾರಿದಂತೆ ಮಲಗಿಬಿಡುತ್ತದೆ. ಕಣ್ಣಿಗೆ ಕಂಡದ್ದನ್ನೇ ಅವನು ಬರೆದದ್ದು. ಆದರೆ ಆ ನಾಲ್ಕು ಗಂಟೆಗಳಲ್ಲಿ, ತಿದಿ ಸರಿಯಾಗಿ ಊದುತ್ತಿದ್ದಷ್ಟು ಹೊತ್ತೂ, ವೂರಾಲಿಯಾಳಿಗೆ ಎಚ್ಚರವಿದ್ದಿರಬೇಕು. ಅದು ಮನುಷ್ಯರಿಗೆ ತಿಳಿದದ್ದು ಹೇಗೆ, ತಿಳಿದ ಮೇಲೂ ಎಷ್ಟು ಸಲ ಮರೆತುಹೋಯಿತು ಎಂಬುದೇ ಈ ಲೇಖನದ ವಿಷಯ.

ಮೊದಲು ವಿಷದ ಬಗ್ಗೆ ನಾಲ್ಕು ಮಾತು. ಅಮೆಜಾನ್, ಒರಿನೋಕೊ ನದಿಗಳ ಸೀಮೆಯ ಬೇಡರು ಕೆಲವು ಬಳ್ಳಿಗಳ ತೊಗಟೆಯನ್ನು ಕುದಿಸಿ ಬತ್ತಿಸಿ, ಕಪ್ಪು ಅಂಟಿನಂಥ ಪಾಕ ಮಾಡಿ, ಬಾಣದ ತುದಿಗೂ ಊದುಕೊಳವೆಯ ಮುಳ್ಳುಗಳಿಗೂ ಸವರುತ್ತಿದ್ದರು. ವಿಷದ ಬಾಣದಿಂದ ಕೊಂದ ಪ್ರಾಣಿಯನ್ನು ತಿಂದವರು ಸಾಯುವುದಿಲ್ಲವೇ ಎಂಬ ಪ್ರಶ್ನೆ ಯಾರಿಗಾದರೂ ಬರುತ್ತದೆ. ಸಾಯುವುದಿಲ್ಲ. ಹೊಟ್ಟೆಗೆ ಹೋದ ಕ್ಯುರಾರೆ ಕರುಳಿನಿಂದ ರಕ್ತಕ್ಕೆ ಸೇರುವುದು ಅತ್ಯಲ್ಪ. 1800ರಲ್ಲಿ ಒರಿನೋಕೊ ತೀರದ ಎಸ್ಮೆರಾಲ್ಡಾ ಎಂಬಲ್ಲಿ ಪಾಕ ತಯಾರಾಗುವುದನ್ನು ನೋಡಿದ ಅಲೆಗ್ಸಾಂಡರ್ ಫಾನ್ ಹಂಬೋಲ್ಟ್ ಅದನ್ನು ನಾಲಗೆಗೆ ಹಚ್ಚಿ ರುಚಿಯನ್ನೂ ನೋಡಿದ್ದನು. ಬಾಯಲ್ಲಿ ಗಾಯವೊಂದು ಇರಬಾರದು, ಅಷ್ಟೇ.

ಗಯಾನಾದ ವೂರಾಲಿಗೆ ಬಳಸುವ ಬಳ್ಳಿ ಸ್ಟ್ರಿಕ್ನಾಸ್ ಎಂಬ ಕುಲಕ್ಕೆ ಸೇರಿದ್ದು. ಇದೇ ಕುಲದ ಮರವೊಂದು ನಮ್ಮಲ್ಲಿಯೂ ಇದೆ: ಕಾಸರಕ. ಕರಾವಳಿಯ ಕಡೆಯವರಿಗೆ ಅದರ ಕಿತ್ತಳೆ ಬಣ್ಣದ ಹಣ್ಣೂ ಗುಂಡಿಯಂಥ ಚಪ್ಪಟೆ ಬೀಜವೂ ಪರಿಚಿತ. ಕಾಸರಗೋಡಿಗೆ ಆ ಹೆಸರು ಬಂದದ್ದು ಈ ಮರದಿಂದಲೇ ಎನ್ನುವವರೂ ಇದ್ದಾರೆ. ಆದರೆ ಒಂದೇ ಕುಲದ ಈ ಎರಡು ಗಿಡಗಳ ಗುಣ ಪರಸ್ಪರ ವಿರುದ್ಧ. ಕಾಸರಕದ ಬೀಜದಲ್ಲಿರುವ ಸ್ಟ್ರಿಕ್ನೀನ್ ಸೇರಿದರೆ ದೇಹವೆಲ್ಲ ಬಿಲ್ಲಿನಂತೆ ಸೆಟೆದುಕೊಳ್ಳುತ್ತದೆ. ಸಣ್ಣ ಸದ್ದಿಗೂ ಮೈ ಅದುರಿ ಬೀಳುತ್ತದೆ. ಕ್ಯುರಾರೆಯಿಂದ ದೇಹ ಒದ್ದೆ ಬಟ್ಟೆಯಂತೆ ಸಡಿಲವಾಗುತ್ತದೆ. ಪ್ಯಾರಿಸ್ಸಿನ ಫ್ರಾಂಸ್ವಾ ಮಜಾಂದಿ 1809ರಲ್ಲೇ ಕಾಸರಕ ವರ್ಗದ ವಿಷಗಳನ್ನು ಪ್ರಾಣಿಗಳಿಗೆ ಕೊಟ್ಟು, ಅವು ಕೆಲಸಮಾಡುವ ಸ್ಥಳ ಮಿದುಳುಬಳ್ಳಿಯೆಂದು ತೋರಿಸಿದ್ದನು. ವಿಷ ಎಲ್ಲೆಲ್ಲೂ ಹರಡಿದರೂ ತಾಗುವುದು ಒಂದೇ ಕಡೆ ಎಂಬ ಈ ವಿಚಾರ ಆಗಿನ ಕಾಲಕ್ಕೆ ತೀರ ಹೊಸತು. ಕ್ಯುರಾರೆ ತಾಗುವ ಸ್ಥಳ ಯಾವುದೆಂದು ಹುಡುಕಿದವನು ಈ ಮಜಾಂದಿಯ ಶಿಷ್ಯನೇ. ಅವನ ಹೆಸರು ಕ್ಲಾಡ್ ಬರ್ನಾರ್ಡ್.

ಬರ್ನಾರ್ಡ್ 1813ರಲ್ಲಿ ದ್ರಾಕ್ಷಿ ಬೆಳೆಯುವ ಬೋಜೊಲೆ ಸೀಮೆಯ ಸಣ್ಣ ಹಳ್ಳಿಯಲ್ಲಿ ಹುಟ್ಟಿದವನು. ಮೊದಲು ಔಷಧದ ಅಂಗಡಿಯಲ್ಲಿ ಕೆಲಸ, ಆಮೇಲೆ ನಾಟಕ ಬರೆಯುವ ಹುಚ್ಚು, ಕೊನೆಗೆ ವೈದ್ಯಶಾಸ್ತ್ರ. 1844ರಲ್ಲಿ ಅವನ ಕೈಗೆ ಸ್ವಲ್ಪ ಕ್ಯುರಾರೆ ಬಂದಿತು. ಒಂದು ಚೂರನ್ನು ಕಪ್ಪೆಯ ಚರ್ಮದಡಿ ಇಟ್ಟನು. ಕೆಲವೇ ನಿಮಿಷಗಳಲ್ಲಿ ಕಪ್ಪೆ ನಿಶ್ಚಲವಾಯಿತು. ತೆರೆದು ನೋಡಿದರೆ ಹೃದಯ ಬಡಿಯುತ್ತಲೇ ಇದೆ. ನರವನ್ನು ಕೆಣಕಿದನು, ಸ್ನಾಯು ಅಲುಗಲಿಲ್ಲ. ಸ್ನಾಯುವಿಗೇ ನೇರವಾಗಿ ವಿದ್ಯುತ್ತನ್ನು ತಾಗಿಸಿದನು. ಅದು ಎಂದಿನಂತೆ ಸಂಕುಚಿಸಿತು. ಸಂಕುಚಿಸುವ ಶಕ್ತಿ ಸ್ನಾಯುವಿನದ್ದೇ ಸ್ವಂತವೋ, ಅಥವಾ ನರದಿಂದ ಪಡೆದ ಎರವಲೋ ಎಂದು ಹಿಂದಿನ ಶತಮಾನದಲ್ಲಿ ಹಾಲರನ ಕಾಲದಿಂದ ದೊಡ್ಡ ಜಗಳವೇ ನಡೆದಿತ್ತು. ನರದ ಮಾತನ್ನು ಕೇಳದ ಸ್ನಾಯು ತಾನಾಗಿ ಸಂಕುಚಿಸಬಲ್ಲದೆಂದು ಈ ಕಪ್ಪೆ ತೋರಿಸಿಕೊಟ್ಟಿತು.

ಹಾಗಾದರೆ ವಿಷ ಕೆಡಿಸಿದ್ದು ನರವನ್ನೇ? ಇಲ್ಲಿ ಬರ್ನಾರ್ಡನ ಜಾಣ್ಮೆ ನೋಡಿ. ಕಾಲಿನ ಸ್ನಾಯುವನ್ನು ನರಸಮೇತ ಬಿಡಿಸಿಕೊಂಡು ಎರಡು ಜೋಡಿ ಸಿದ್ಧಮಾಡಿದನು. ಒಂದರಲ್ಲಿ ನರವನ್ನು ಮಾತ್ರ ಕ್ಯುರಾರೆಯ ದ್ರಾವಣದಲ್ಲಿ ಮುಳುಗಿಸಿ, ಸ್ನಾಯುವನ್ನು ಹೊರಗಿಟ್ಟನು. ಇನ್ನೊಂದರಲ್ಲಿ ಸ್ನಾಯು ವಿಷದೊಳಗೆ, ನರ ಹೊರಗೆ. ವಿಷದಲ್ಲಿ ನೆನೆದ ನರವನ್ನು ಕೆಣಕಿದಾಗ ಸ್ನಾಯು ಸಂಕುಚಿಸಿತು. ನರಕ್ಕೆ ಏನೂ ಆಗಿರಲಿಲ್ಲ. ವಿಷದಲ್ಲಿ ನೆನೆದ ಸ್ನಾಯು ಮಾತ್ರ ತನ್ನ ನರದ ಕರೆಗೆ ಓಗೊಡಲಿಲ್ಲ, ಆದರೆ ನೇರ ವಿದ್ಯುತ್ತಿಗೆ ಓಗೊಟ್ಟಿತು. ನರವೂ ಸರಿ, ಸ್ನಾಯುವೂ ಸರಿ, ಇವೆರಡು ಕೂಡುವ ಜಾಗ ಮಾತ್ರ ಕೆಟ್ಟಿದೆ! ಅಂಥದ್ದೊಂದು ಜಾಗವಿದೆಯೆಂದು ಅಲ್ಲಿಯವರೆಗೆ ಯಾರಿಗೂ ಸ್ಪಷ್ಟವಾಗಿ ಹೊಳೆದಿರಲಿಲ್ಲ. ಬರ್ನಾರ್ಡ್ ತಾನು ಕಂಡದ್ದನ್ನು ಕ್ರಿಯಾವಾಹಿ ನರದ ಮರಣವೆಂದೇ ಕೊನೆಯವರೆಗೂ ವರ್ಣಿಸುತ್ತಿದ್ದನು. ಕೆಟ್ಟದ್ದು ನರಕ್ಕೂ ಸ್ನಾಯುವಿಗೂ ನಡುವಣ ಸಂಪರ್ಕವೆಂದು ಬಿಡಿಸಿ ಹೇಳಿದವರಲ್ಲಿ ಅವನ ನಂತರದ ವುಲ್ಪಿಯನ್ ಮುಖ್ಯ. ಆದರೂ ಬಾಗಿಲು ತೆರೆದದ್ದು ಬರ್ನಾರ್ಡನೇ. ಶಸ್ತ್ರವೈದ್ಯನ ಚಾಕು ತಲುಪಲಾರದ ಸೂಕ್ಷ್ಮ ಭಾಗಗಳನ್ನು ವಿಷವೆಂಬ ಚಾಕುವಿನಿಂದ ಬಿಡಿಸಿ ನೋಡಬಹುದೆಂಬುದು ಅವನ ನಂಬಿಕೆಯಾಗಿತ್ತು.

ಈ ನರ-ಸ್ನಾಯು ಜೋಡಿಯನ್ನು ನನ್ನ ವಯಸ್ಸಿನ ಪ್ರಾಣಿಶಾಸ್ತ್ರದ ವಿದ್ಯಾರ್ಥಿಗಳು ಕೈಯಾರೆ ಮುಟ್ಟಿದ್ದೇವೆ. ಹೊಳಪು ಕಾಗದಕ್ಕೆ ದೀಪದ ಹೊಗೆ ಹಿಡಿಸಿ ಮಸಿಮಾಡಿ, ತಿರುಗುವ ಡ್ರಮ್ಮಿಗೆ ಸುತ್ತಿ, ಕಪ್ಪೆಯ ಮೀನಖಂಡದ ಸ್ನಾಯುವಿಗೆ ಕಡ್ಡಿಯೊಂದನ್ನು ಕಟ್ಟಿ, ಅದು ಮಸಿಯ ಮೇಲೆ ಗೀಚುವ ಬಿಳಿಯ ಗುಡ್ಡಗಳನ್ನು ಅಳೆಯುತ್ತಿದ್ದೆವು. ಉಪ್ಪುನೀರಿನಲ್ಲಿಟ್ಟ ಸ್ನಾಯು ಗಂಟೆಗಟ್ಟಲೆ ಸಂಕುಚಿಸುತ್ತಿತ್ತು. ಕೈಯೆಲ್ಲ ಮಸಿ. ಮನೆಗೆ ಹೋದರೆ ಬಾವಿಕಟ್ಟೆಯಲ್ಲೇ ಸ್ನಾನ, ಆಮೇಲೆಯೇ ಒಳಗೆ ಪ್ರವೇಶ. ಈಗ ಕಾಲೇಜುಗಳಲ್ಲಿ ಆ ಪಾಠ ಗಣಕಯಂತ್ರದ ಪರದೆಯ ಮೇಲೆ ನಡೆಯುತ್ತದೆಯೆಂದು ಕೇಳಿದ್ದೇನೆ. ಅದರಿಂದ ಕಪ್ಪೆಗಳಿಗೆ ಲಾಭವಾಗಿರುವುದಂತೂ ನಿಶ್ಚಯ.

ಬರ್ನಾರ್ಡನ ಮೂರನೆಯ ಪ್ರಯೋಗವೇ ನನ್ನ ಮನಸ್ಸಿನಲ್ಲಿ ಬಹುಕಾಲ ಉಳಿದದ್ದು. ಕಪ್ಪೆಯ ಸೊಂಟಕ್ಕೆ ದಾರ ಬಿಗಿದು ಹಿಂಗಾಲುಗಳಿಗೆ ರಕ್ತ ಹೋಗದಂತೆ ತಡೆದನು. ಆದರೆ ಅಲ್ಲಿಗೆ ಹೋಗುವ ನರಗಳನ್ನು ಮಾತ್ರ ದಾರದ ಹೊರಗುಳಿಸಿದನು. ಈಗ ಬೆನ್ನಿಗೆ ವಿಷ ಕೊಟ್ಟರೆ ಮುಂಭಾಗಕ್ಕೆಲ್ಲ ವಿಷ ಹರಡುತ್ತದೆ, ಹಿಂಗಾಲುಗಳಿಗೆ ಮಾತ್ರ ತಲುಪುವುದಿಲ್ಲ. ತಲೆ, ಮುಂಗಾಲು, ಹೊಟ್ಟೆ ಎಲ್ಲವೂ ಹೆಣದಂತೆ ಬಿದ್ದವು. ಆಗ ಆ ‘ಹೆಣ’ದ ಮುಂಗಾಲನ್ನು ಚಿವುಟಿದನು. ಹಿಂಗಾಲುಗಳು ಒದ್ದವು.

ಇದರ ಅರ್ಥವೇನು? ಮುಂಗಾಲಿನ ಚರ್ಮಕ್ಕೆ ಚಿವುಟಿದ್ದು ತಿಳಿಯಿತು, ಜ್ಞಾನವಾಹಿ ನರ ಸುದ್ದಿಯನ್ನು ಮಿದುಳುಬಳ್ಳಿಗೆ ಒಯ್ದಿತು, ಅಲ್ಲಿಂದ ಆಜ್ಞೆಯೂ ಹೊರಟಿತು. ಆಜ್ಞೆಯನ್ನು ಪಾಲಿಸಬಲ್ಲ ಸ್ನಾಯುಗಳು ಹಿಂಗಾಲಿನಲ್ಲಿ ಮಾತ್ರ ಉಳಿದಿದ್ದವು. ಕ್ಯುರಾರೆ ಚಲನೆಯನ್ನು ಕಸಿದುಕೊಳ್ಳುತ್ತದೆ, ಸಂವೇದನೆಯನ್ನಲ್ಲ. 1864ರಲ್ಲಿ ಸಾಮಾನ್ಯ ಓದುಗರಿಗಾಗಿ ಬರೆದ ಲೇಖನವೊಂದರಲ್ಲಿ ಬರ್ನಾರ್ಡ್ ಇದನ್ನು ಬಿಚ್ಚಿ ಹೇಳಿದನು: ಶಾಂತವಾಗಿ ಕಾಣುವ ಈ ಸಾವಿನೊಳಗೆ ಊಹಿಸಲಾಗದ ಯಾತನೆಯಿದೆ, ಎಚ್ಚರವಿರುವ ಜೀವವೊಂದು ತನ್ನದೇ ಶವದೊಳಗೆ ಸೆರೆಯಾಗಿದೆ ಎಂಬ ಭಾವದ ವಿವರಣೆ ಅದರಲ್ಲಿದೆ. ಬೇಡನೂ ವಾಟರ್ಟನ್ನನೂ ಕಂಡ ನಿದ್ರೆ ನಿದ್ರೆಯಾಗಿರಲಿಲ್ಲ.

ಇದನ್ನು ಎಲ್ಲರಿಗಿಂತ ಮೊದಲು, ಎಲ್ಲರಿಗಿಂತ ಚೆನ್ನಾಗಿ ಅರಿತವನು ಆ ವಿಷವನ್ನು ಪ್ರಯೋಗಶಾಲೆಯಿಂದ ಹೊರಗಿಟ್ಟನೇ? ಇಲ್ಲ. ಅಲುಗಾಡದ ಪ್ರಾಣಿ ಪ್ರಯೋಗಕ್ಕೆ ಬಲು ಅನುಕೂಲ. ತಿದಿಯಿಂದ ಗಾಳಿಯೂದುತ್ತಿದ್ದರೆ ನಾಯಿಯನ್ನು ಗಂಟೆಗಟ್ಟಲೆ ಮೇಜಿನ ಮೇಲಿಡಬಹುದು. ಯೂರೋಪಿನ ಅನೇಕ ಪ್ರಯೋಗಶಾಲೆಗಳಲ್ಲಿ ಇದು ರೂಢಿಯಾಯಿತು. ತನ್ನ ವಿಚಾರದಲ್ಲಿ ಮುಳುಗಿದ ವಿಜ್ಞಾನಿಗೆ ಪ್ರಾಣಿಯ ಕೂಗು ಕೇಳಿಸುವುದಿಲ್ಲ, ರಕ್ತ ಕಾಣಿಸುವುದಿಲ್ಲ ಎಂಬರ್ಥದ ಮಾತನ್ನು ಬರ್ನಾರ್ಡ್ 1865ರ ತನ್ನ ಪ್ರಸಿದ್ಧ ಗ್ರಂಥದಲ್ಲಿ ಬರೆದಿದ್ದಾನೆ. ಕ್ಯುರಾರೆ ಕೊಟ್ಟಲ್ಲಿ ಕೇಳಿಸಿಕೊಳ್ಳದಿರುವ ಶ್ರಮವೂ ಬೇಕಿಲ್ಲ, ಕೂಗೇ ಏಳುವುದಿಲ್ಲ. ನಾನು ಬರ್ನಾರ್ಡನ ಭಕ್ತ. ಅವನ ಪ್ರಯೋಗಗಳನ್ನು ಮೂವತ್ತು ವರ್ಷ ಕಪ್ಪುಹಲಗೆಯ ಮೇಲೆ ಬರೆದು ತೋರಿಸಿದ್ದೇನೆ. ಆದರೂ ಇದೊಂದು ವಿಷಯದಲ್ಲಿ ಅವನನ್ನು ಸಮರ್ಥಿಸಲು ನನ್ನಿಂದಾಗದು. ತಿಳಿಯದವನು ಮಾಡಿದ್ದಕ್ಕೂ ತಿಳಿದವನು ಮಾಡಿದ್ದಕ್ಕೂ ವ್ಯತ್ಯಾಸವಿದೆ.

ಅವನ ಮನೆಯಲ್ಲೂ ಇದನ್ನು ಒಪ್ಪಲಿಲ್ಲ. ಹೆಂಡತಿಯ ವರದಕ್ಷಿಣೆಯ ಹಣದಿಂದಲೇ ಅವನ ಸಂಶೋಧನೆ ಮುಂದುವರಿದಿತ್ತು. ಅದೇ ಹೆಂಡತಿ ಕೊನೆಗೆ ಅವನಿಂದ ಬೇರೆಯಾದಳು. ಆಕೆಯೂ ಹೆಣ್ಣುಮಕ್ಕಳೂ ಪ್ರಾಣಿಪ್ರಯೋಗದ ವಿರೋಧಿಗಳ ಪಕ್ಷ ಸೇರಿದರು. ಬರ್ನಾರ್ಡ್ 1878ರಲ್ಲಿ ತೀರಿಕೊಂಡಾಗ ಫ್ರಾನ್ಸ್ ಸರ್ಕಾರ ಅವನಿಗೆ ರಾಷ್ಟ್ರಗೌರವದ ಅಂತ್ಯಕ್ರಿಯೆ ನಡೆಸಿತು. ಆ ದೇಶದಲ್ಲಿ ವಿಜ್ಞಾನಿಯೊಬ್ಬನಿಗೆ ಸಂದ ಅಂಥ ಮೊದಲ ಗೌರವ ಅದು.

ಇತ್ತ ಇಂಗ್ಲೆಂಡಿನಲ್ಲಿ ಬಿರುಗಾಳಿಯೆದ್ದಿತ್ತು. ಬರ್ನಾರ್ಡನ ಪ್ರಯೋಗಶಾಲೆಯಲ್ಲಿ ನಾಲ್ಕು ತಿಂಗಳು ದುಡಿದಿದ್ದ ಜಾರ್ಜ್ ಹೊಗನ್ ಎಂಬ ವೈದ್ಯ 1875ರಲ್ಲಿ ಪತ್ರಿಕೆಗೆ ಬರೆದ ಕಾಗದದಲ್ಲಿ, ಗುರುವಿನ ಹೆಸರೆತ್ತದೆಯೇ, ಅಲ್ಲಿ ಕಂಡದ್ದನ್ನು ವಿವರಿಸಿದ್ದನು. ನೆಲಮಾಳಿಗೆಯ ಕತ್ತಲಿನಿಂದ ಮೇಲಕ್ಕೆ ತಂದ ನಾಯಿಗಳು ಬೆಳಕು ಕಂಡು ಸಂತೋಷಪಡುವ ಬದಲು ಆ ಕೋಣೆಯ ವಾಸನೆಗೇ ನಡುಗುತ್ತಿದ್ದವಂತೆ. ಫ್ರಾನ್ಸೆಸ್ ಪವರ್ ಕಾಬ್ ಎಂಬ ಮಹಿಳೆಯ ನೇತೃತ್ವದಲ್ಲಿ ಚಳವಳಿ ಬೆಳೆಯಿತು. ವಿಚಾರಣಾ ಆಯೋಗ ಕುಳಿತು, 1876ರಲ್ಲಿ ಪ್ರಾಣಿಪ್ರಯೋಗಗಳನ್ನು ನಿಯಂತ್ರಿಸುವ ಕಾಯಿದೆ ಜಾರಿಗೆ ಬಂದಿತು. ಆ ಕಾಯಿದೆಯ ನಾಲ್ಕನೆಯ ಕಲಮು ಕ್ಯುರಾರೆಯನ್ನು ಹೆಸರಿಸಿ, ಅದನ್ನು ಅರಿವಳಿಕೆಯೆಂದು ಎಣಿಸತಕ್ಕದ್ದಲ್ಲ ಎಂದು ಸಾರುತ್ತದೆ. ಕಪ್ಪೆಯೊಂದರ ಹಿಂಗಾಲು ಒದ್ದದ್ದು ಹೀಗೆ ಶಾಸನದಲ್ಲಿ ದಾಖಲಾಯಿತು. ಈ ಕಾಯಿದೆ 1986ರಲ್ಲಿ ಹೊಸದು ಬರುವವರೆಗೂ, ಅಂದರೆ ನೂರಹತ್ತು ವರ್ಷ, ಜಾರಿಯಲ್ಲಿತ್ತು.

ಕ್ಯುರಾರೆ ಕೆಡಿಸುವ ಆ ಸಂಧಿಯಲ್ಲಿ ನಡೆಯುವುದೇನು ಎಂಬುದನ್ನು ಮುಂದಿನವರು ಬಿಡಿಸಿದರು. ಅದನ್ನು ಬೇಗ ಹೇಳಿ ಮುಗಿಸುತ್ತೇನೆ. ಕೇಂಬ್ರಿಡ್ಜಿನ ಲ್ಯಾಂಗ್ಲಿ 1905ರಲ್ಲಿ ಕೋಳಿಗಳ ಮೇಲೆ ಪ್ರಯೋಗಿಸಿ, ಹೊಗೆಸೊಪ್ಪಿನ ನಿಕೋಟಿನ್ ಸ್ನಾಯುವನ್ನು ಸಂಕುಚಿಸುತ್ತದೆ, ನರವನ್ನು ಕತ್ತರಿಸಿ ಅದು ನಶಿಸಿದ ಮೇಲೂ ಸಂಕುಚಿಸುತ್ತದೆ, ಕ್ಯುರಾರೆ ಅದನ್ನು ತಡೆಯುತ್ತದೆ ಎಂದು ಕಂಡನು. ಎರಡು ವಿಷಗಳೂ ಸ್ನಾಯುವಿನ ಮೇಲಿರುವ ಒಂದೇ ‘ಗ್ರಾಹಕ ವಸ್ತು’ವಿಗಾಗಿ ಪೈಪೋಟಿ ಮಾಡುತ್ತವೆ ಎಂದು ತರ್ಕಿಸಿದನು. ಬೀಗ ಒಂದೇ, ಕೀಲಿಕೈ ಎರಡು. ಒಂದು ತೆರೆಯುತ್ತದೆ, ಇನ್ನೊಂದು ಒಳಗೆ ಸಿಕ್ಕಿಕೊಂಡು ದಾರಿ ಕಟ್ಟುತ್ತದೆ. ಗ್ರಾಟ್ಸ್ ನಗರದ ಒಟ್ಟೋ ಲೋವಿ 1921ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಒಂದು ಕಪ್ಪೆಯ ಹೃದಯವನ್ನು ನರದ ಮೂಲಕ ನಿಧಾನಗೊಳಿಸಿ, ಅದನ್ನು ತೋಯಿಸಿದ್ದ ದ್ರವವನ್ನು ಇನ್ನೊಂದು ಹೃದಯಕ್ಕೆ ಹನಿಸಿದಾಗ ಅದೂ ನಿಧಾನವಾಯಿತು. ನರವು ರಾಸಾಯನಿಕವನ್ನು ಸುರಿಸಿ ಮಾತನಾಡುತ್ತದೆಂದಾಯಿತು. ಈ ಪ್ರಯೋಗ ತನಗೆ ಕನಸಿನಲ್ಲಿ ಹೊಳೆಯಿತೆಂದೂ, ಮೊದಲ ರಾತ್ರಿ ಗೀಚಿಟ್ಟದ್ದನ್ನು ಬೆಳಗ್ಗೆ ತನಗೇ ಓದಲಾಗಲಿಲ್ಲವೆಂದೂ ಲೋವಿ ಹೇಳುತ್ತಿದ್ದನು. (ದುಂಡಗೆ ಬರೆಯಿರಿ ಎಂದು ನಾನು ಪೀಡಿಸುತ್ತಿದ್ದುದು ಸುಮ್ಮನೆಯಲ್ಲ.) ಸ್ನಾಯುವಿಗೆ ಹೋಗುವ ನರಗಳು ಸುರಿಸುವುದು ಅಸಿಟೈಲ್ ಕೋಲೀನ್ ಎಂದು 1936ರಲ್ಲಿ ಹೆನ್ರಿ ಡೇಲ್, ವಿಲ್ಹೆಲ್ಮ್ ಫೆಲ್ಡ್‌ಬರ್ಗ್, ಮಾರ್ಥಾ ವೋಗ್ಟ್ ತೋರಿಸಿದರು. ಅತ್ಯಲ್ಪ ಪ್ರಮಾಣದ ಆ ವಸ್ತುವನ್ನು ಗುರುತಿಸಲು ಅವರಿಗೆ ನೆರವಾದದ್ದು ಜಿಗಣೆಯ ಸ್ನಾಯು. ಆ ವಿದ್ಯೆಯನ್ನು ಲಂಡನ್ನಿಗೆ ತಂದವನು ಫೆಲ್ಡ್‌ಬರ್ಗ್. 1933ರಲ್ಲಿ ಯಹೂದಿಯೆಂಬ ಕಾರಣಕ್ಕೆ ಬರ್ಲಿನ್ನಿನ ಕೆಲಸದಿಂದ ಅವನನ್ನು ಹೊರದಬ್ಬಿದ್ದರು.

ಅಸಿಟೈಲ್ ಕೋಲೀನ್ ಕುಳಿತುಕೊಳ್ಳಬೇಕಾದ ಜಾಗದಲ್ಲಿ ಕ್ಯುರಾರೆ ಕುಳಿತುಬಿಡುತ್ತದೆ. ಅಷ್ಟೇ ಅದರ ಕೆಲಸ. 1934ರಲ್ಲಿ ಲಂಡನ್ನಿನ ಗ್ರೀನಿಚ್ ಭಾಗದ ಆಸ್ಪತ್ರೆಯೊಂದರಲ್ಲಿ ಮೇರಿ ವಾಕರ್ ಎಂಬ ವೈದ್ಯೆ, ಮಯಸ್ತೇನಿಯಾ ಎಂಬ ಸ್ನಾಯುದೌರ್ಬಲ್ಯದ ರೋಗಿಗಳು ಕ್ಯುರಾರೆ ಸೇರಿದವರಂತೆಯೇ ಕಾಣುತ್ತಾರೆಂಬುದನ್ನು ಗಮನಿಸಿ, ಕ್ಯುರಾರೆಗೆ ಪ್ರತಿವಿಷವಾದ ಫೈಸೋಸ್ಟಿಗ್ಮೀನನ್ನು ಕೊಟ್ಟು ನೋಡಿದಳು. ಜೋತುಬಿದ್ದಿದ್ದ ರೆಪ್ಪೆ ಮೇಲೆದ್ದಿತು. ಆ ವರ್ಗದ ಔಷಧಗಳು ಇಂದಿಗೂ ಆ ರೋಗಿಗಳಿಗೆ ಆಧಾರ.

1942ರ ಜನವರಿ 23ರಂದು ಕೆನಡಾದ ಮಾಂಟ್ರಿಯಲ್ಲಿನಲ್ಲಿ ಹೆರಾಲ್ಡ್ ಗ್ರಿಫಿತ್ ಮತ್ತು ಎನಿಡ್ ಜಾನ್ಸನ್ ಎಂಬ ವೈದ್ಯರು ಅಪೆಂಡಿಕ್ಸ್ ಶಸ್ತ್ರಚಿಕಿತ್ಸೆಯೊಂದರಲ್ಲಿ, ಅರಿವಳಿಕೆಯ ಜೊತೆಗೆ, ಶುದ್ಧೀಕರಿಸಿದ ಕ್ಯುರಾರೆಯನ್ನು ಬಳಸಿದರು. ಹೊಟ್ಟೆಯ ಸ್ನಾಯುಗಳು ಸಡಿಲವಾಗಿ ಶಸ್ತ್ರವೈದ್ಯನ ಕೆಲಸ ಸುಲಭವಾಯಿತು. ಅದಕ್ಕೆ ಹಿಂದೆ ಸ್ನಾಯು ಸಡಿಲಾಗಬೇಕಾದರೆ ಈಥರನ್ನು ಅಪಾಯದ ಅಂಚಿನವರೆಗೂ ಕೊಡಬೇಕಾಗಿತ್ತು. ಇದು ನಿಜಕ್ಕೂ ದೊಡ್ಡ ಉಪಕಾರ. ಗ್ರಿಫಿತ್ ಎಚ್ಚರಿಕೆಯಿಂದ ಅರಿವಳಿಕೆಯನ್ನೂ ಕೊಟ್ಟಿದ್ದನು. ಮುಂದಿನ ಕೆಲವು ವರ್ಷಗಳಲ್ಲಿ ಎಲ್ಲರೂ ಹಾಗೆ ಮಾಡಲಿಲ್ಲ. ರೋಗಿ ಅಲುಗುತ್ತಿಲ್ಲ, ಆದ್ದರಿಂದ ಮಲಗಿದ್ದಾನೆ. ಕ್ಯುರಾರೆಗೇ ನೋವು ಮರೆಸುವ ಗುಣವಿದೆ ಎಂದು ಭಾವಿಸಿ, ಬೇರೆ ಅರಿವಳಿಕೆಯಿಲ್ಲದೆಯೇ ಶಸ್ತ್ರಚಿಕಿತ್ಸೆ ನಡೆಸಿದವರಿದ್ದರು. ಮಕ್ಕಳ ಮೇಲೂ ಹೀಗೆ ನಡೆಯಿತು. ಮಗು ತನಗಾದದ್ದನ್ನು ಆಮೇಲೆ ಹೇಳಿದರೂ ಯಾರು ನಂಬುತ್ತಾರೆ? ಬರ್ನಾರ್ಡನ ಕಪ್ಪೆಗೆ ಸುಮಾರು ನೂರು ವರ್ಷವಾಗಿತ್ತು, ಕಾಯಿದೆಗೆ ಎಪ್ಪತ್ತು. ನಾಯಿಗಾಗಿ ಬರೆದ ಕಲಮನ್ನು ಮನುಷ್ಯನಿಗಾಗಿ ಓದಿಕೊಳ್ಳಬೇಕೆಂದು ಅವರಿಗೆ ತೋಚಲಿಲ್ಲ.

ಸಂದೇಹ ಬಗೆಹರಿಸಲು ಅಮೆರಿಕದ ಸಾಲ್ಟ್ ಲೇಕ್ ಸಿಟಿಯ ಸ್ಕಾಟ್ ಸ್ಮಿತ್ ಎಂಬ ಅರಿವಳಿಕೆ ತಜ್ಞ ತಾನೇ ಮೇಜಿನ ಮೇಲೆ ಮಲಗಿದನು. ಉಸಿರಾಟ ನಿಲ್ಲಿಸಲು ಬೇಕಾದುದರ ಎರಡೂವರೆ ಪಟ್ಟು ಔಷಧವನ್ನು ಅವನಿಗೆ ಕೊಟ್ಟು, ಸಹೋದ್ಯೋಗಿಗಳು ಕೃತಕವಾಗಿ ಉಸಿರಾಡಿಸಿದರು. ರೆಪ್ಪೆ ಮುಚ್ಚಿತು, ಮಾತು ನಿಂತಿತು, ಬೆರಳೂ ಅಲುಗದಾಯಿತು. ಆದರೆ ಉದ್ದಕ್ಕೂ ಅವನಿಗೆ ಎಚ್ಚರವಿತ್ತು. ನೋವು ತಿಳಿಯುತ್ತಿತ್ತು, ಮಾತು ಕೇಳುತ್ತಿತ್ತು. ಗಂಟಲಲ್ಲಿ ತುಂಬಿದ ಜೊಲ್ಲನ್ನು ನುಂಗಲಾರದೆ ಉಸಿರುಕಟ್ಟಿದ ಅನುಭವವಾಗುತ್ತಿತ್ತು. ಚೇತರಿಸಿಕೊಂಡ ಮೇಲೆ, ತನ್ನ ಸುತ್ತ ನಡೆದದ್ದನ್ನು ಅವನು ಹೇಳಬಲ್ಲವನಾಗಿದ್ದನು. 1947ರಲ್ಲಿ ಆ ವರದಿ ಪ್ರಕಟವಾದ ನಂತರ ವಾದಕ್ಕೆ ಎಡೆಯುಳಿಯಲಿಲ್ಲ. ಆದರೆ ಅಲುಗದಿರುವುದನ್ನೇ ಅರಿವಿಲ್ಲದಿರುವುದೆಂದು ಬಗೆಯುವ ಅಪಾಯ ಇನ್ನೂ ಪೂರ್ತಿ ಹೋಗಿಲ್ಲ. ಸ್ನಾಯು ಸಡಿಲಿಸುವ ಔಷಧ ಕೊಟ್ಟ ರೋಗಿಗೆ ಅಪರೂಪಕ್ಕೆ ನಡುವೆ ಎಚ್ಚರವಾಗುವುದುಂಟು. ಅದನ್ನು ಕಾಯುವುದು ಅರಿವಳಿಕೆ ತಜ್ಞರ ಕರ್ತವ್ಯಗಳಲ್ಲಿ ಒಂದು.

ಕ್ಯುರಾರೆ ನಮ್ಮ ಕಾಡಿನದಲ್ಲ. ಆದರೆ ಅದೇ ಸಂಧಿಯನ್ನು ಹೊಡೆಯುವ ವಿಷ ನಮ್ಮ ಹೊಲಗದ್ದೆಗಳಲ್ಲಿ, ಮನೆಯ ಸಂದುಗಳಲ್ಲಿ ಹರಿದಾಡುತ್ತದೆ. ಕಟ್ಟುಹಾವಿನ ಕುಲಕ್ಕೆ ವಿಜ್ಞಾನಿಗಳಿಟ್ಟ ಹೆಸರು ಬಂಗಾರಸ್. ತೆಲುಗಿನ ಬಂಗಾರ ಶಬ್ದದಿಂದ ಬಂದದ್ದು. ಈ ಕುಲದ ತೈವಾನ್ ಪ್ರಭೇದವೊಂದರಿಂದ 1963ರಲ್ಲಿ ಚಾಂಗ್ ಮತ್ತು ಲೀ ಎಂಬುವರು ಬೇರ್ಪಡಿಸಿದ ವಿಷಾಂಶವು ಗ್ರಾಹಕಕ್ಕೆ ಎಷ್ಟು ಬಿಗಿಯಾಗಿ ಅಂಟುತ್ತದೆಂದರೆ, ಲ್ಯಾಂಗ್ಲಿ ತರ್ಕದಿಂದ ಊಹಿಸಿದ್ದ ಆ ವಸ್ತುವನ್ನು ಪ್ರತ್ಯೇಕಿಸಿ ಕೈಗೆ ತೆಗೆದುಕೊಳ್ಳಲು ಸಾಧ್ಯವಾದದ್ದು ಅದರಿಂದಲೇ.

ನಮ್ಮ ಕಟ್ಟುಹಾವು ಹೆಚ್ಚಾಗಿ ಕಚ್ಚುವುದು ರಾತ್ರಿ, ನೆಲದ ಮೇಲೆ ಮಲಗಿದವರನ್ನು. ನೋವೂ ಬಾವೂ ಅಷ್ಟಾಗಿ ಇರುವುದಿಲ್ಲ, ಕಚ್ಚಿದ್ದೇ ತಿಳಿಯದಿರಬಹುದು. ಬೆಳಗಿನ ಜಾವಕ್ಕೆ ಹೊಟ್ಟೆನೋವು, ರೆಪ್ಪೆ ಜೋಲುವುದು, ನುಂಗಲಾಗದಿರುವುದು, ಕೊನೆಗೆ ಉಸಿರು ನಿಲ್ಲುವುದು. ಊರಿನಲ್ಲಿರುವ ಬಂಧುಗಳಿಗೆ ನಾನು ಹೇಳುವುದಿಷ್ಟು: ರೆಪ್ಪೆ ಜೋಲುವುದು ಕಂಡರೆ ನಾಟಿಮದ್ದು, ಮಂತ್ರಗಳೆಂದು ಕಾಯದೆ, ಕೃತಕ ಉಸಿರಾಟದ ಯಂತ್ರವಿರುವ ಆಸ್ಪತ್ರೆಗೆ ಒಯ್ಯಿರಿ. ವಿಷ ಹೆಚ್ಚಾಗಿ ಸೇರಿದ್ದರೆ ಕಣ್ಣಿನ ಪಾಪೆಯೂ ಬೆಳಕಿಗೆ ಕುಗ್ಗದೆ, ಮಿದುಳೇ ಸತ್ತಂತೆ ಕಾಣಬಹುದು. ಆ ಸ್ಥಿತಿಯಲ್ಲೂ ಅವರಿಗೆ ಪೂರ್ಣ ಎಚ್ಚರವಿರಬಹುದು. ಆದ್ದರಿಂದ ಹಾಸಿಗೆಯ ಪಕ್ಕದಲ್ಲಿ ನಿಂತು ಅಂತ್ಯಕ್ರಿಯೆಯ ಮಾತನ್ನಾಡಬೇಡಿ. ಹೆಸರು ಹಿಡಿದು ಕರೆದು, ಯಂತ್ರ ಉಸಿರಾಡಿಸುತ್ತಿದೆ, ಹೆದರಬೇಡ ಎಂದು ಹೇಳಿ. ಕಟ್ಟುಹಾವಿನ ವಿಷ ನರದ ತುದಿಗಳನ್ನೇ ಹಾಳುಮಾಡುವುದರಿಂದ, ಒಮ್ಮೆ ಹಾಳಾದ ಮೇಲೆ ಹಾವಿನ ಪ್ರತಿವಿಷದ ಚುಚ್ಚುಮದ್ದು ಅದನ್ನು ತಟ್ಟನೆ ಸರಿಪಡಿಸಲಾರದು. ತುದಿಗಳು ಹೊಸದಾಗಿ ಚಿಗುರಬೇಕು. ಅದಕ್ಕೆ ಹಲವು ದಿನಗಳು, ಕೆಲವೊಮ್ಮೆ ವಾರಗಳೇ ಹಿಡಿಯುತ್ತವೆ. ಅಲ್ಲಿಯವರೆಗೆ ಯಂತ್ರವನ್ನು ತೆಗೆಯಬಾರದು.